ಸಾವಿರಕ್ಕೆ 1.69

ನಮ್ಮ ಕಡೆ ಅಡ್ಡಹೆಸರು ಕೇಳಿದರೆ ಅರ್ಧ ಜಾತಕ ಕೈಗೆ ಬಂದಂತೆ. ಬಡಿಗೇರ, ಕಮ್ಮಾರ, ಹೂಗಾರ, ಅಗಸರ, ತಳವಾರ, ಮಾದರ ಅಂದ ಮೇಲೆ ಮುಂದಿನ ಪ್ರಶ್ನೆ ಬೇಕಾಗುವುದಿಲ್ಲ. ಕೇಳುವವರಿಗೆ ತೊಡಕಾಗುವುದು ಊರಿನ ಹೆಸರನ್ನು ಬೆನ್ನಿಗೆ ಕಟ್ಟಿಕೊಂಡವರಿಂದ. ಹಾವನೂರ ಅಂದರೆ ಹಾವೇರಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿನ ಒಂದು ಊರು. ಅಲ್ಲಿ ಎಲ್ಲ ಪೈಕಿಯವರೂ ಇದ್ದಾರೆ. ಹೆಸರಿನಿಂದ ಊರು ತಿಳಿಯುತ್ತದೆ, ಮನುಷ್ಯ ತಿಳಿಯುವುದಿಲ್ಲ. ಕರ್ನಾಟಕದ ಜಾತಿಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿ ತೂಗಿದವರ ಅಡ್ಡಹೆಸರು ಜಾತಿಯನ್ನೇ ಹೇಳದಂಥದ್ದು ಎಂಬುದು ನನಗೆ ಇವತ್ತಿಗೂ ಮೋಜಿನ ಸಂಗತಿ.

ಎಲ್. ಜಿ. ಹಾವನೂರ ಹುಟ್ಟಿದ್ದು 1927ರಲ್ಲಿ, ರಾಣೆಬೆನ್ನೂರಿನಲ್ಲಿ. ಬೇಡ ನಾಯಕ ಸಮುದಾಯದವರು, ವೃತ್ತಿಯಿಂದ ವಕೀಲರು. 1972ರ ಮಾರ್ಚಿನಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸು ಅದೇ ಆಗಸ್ಟಿನಲ್ಲಿ ಹಿಂದುಳಿದ ವರ್ಗಗಳ ಆಯೋಗವೊಂದನ್ನು ರಚಿಸಿ, ಈ ವಕೀಲರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿದರು. ಒಪ್ಪಿಸಿದ ಕೆಲಸ ಕೇಳಲಿಕ್ಕೆ ಸಣ್ಣದು: ಈ ರಾಜ್ಯದಲ್ಲಿ ಹಿಂದುಳಿದವರು ಯಾರು, ಹೇಳಿ.

ಹತ್ತು ವರ್ಷದ ಹಿಂದೆ ಇದೇ ಪ್ರಶ್ನೆಗೆ ನಾಗನಗೌಡ ಸಮಿತಿ ಉತ್ತರ ಕೊಟ್ಟಿತ್ತು. ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಯಾವ ಜಾತಿಯ ಮಕ್ಕಳು ಸಾವಿರ ಜನಸಂಖ್ಯೆಗೆ ಎಷ್ಟಿದ್ದಾರೆ ಎಂಬುದು ಅದರ ಲೆಕ್ಕ. ರಾಜ್ಯದ ಸರಾಸರಿ 6.9 ಬಂತು. ಆಮೇಲೆ ಹೊರಟ ಆದೇಶ ಕಾಲೇಜು ಸೀಟುಗಳಲ್ಲಿ ಶೇಕಡಾ 68ರಷ್ಟನ್ನು ಮೀಸಲಿಟ್ಟಿತು. 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದು ಹಾಕಿತು. ಜಾತಿಯೊಂದೇ ಅಳತೆಗೋಲು ಆಗಕೂಡದು, ಮೀಸಲಾತಿ ಅರ್ಧ ದಾಟಕೂಡದು ಎಂದಿತು. ಸರ್ಕಾರ ಹೆದರಿ ಜಾತಿಯನ್ನೇ ಬಿಟ್ಟು ಆದಾಯ, ಕಸುಬುಗಳ ಅಳತೆ ಹಿಡಿಯಿತು. ಬಡತನದ ಸರ್ಟಿಫಿಕೇಟು ಯಾರಿಗೆ ಬೇಗ ಸಿಗುತ್ತದೆ ಎಂಬುದು ತಹಸೀಲ್ದಾರ ಕಚೇರಿಯ ಕಟ್ಟೆ ಹತ್ತಿ ಇಳಿದವರಿಗೆಲ್ಲ ಗೊತ್ತು.

ಹೀಗಾಗಿ ಹಾವನೂರರ ಎದುರಿಗೆ ಎರಡು ಗೋಡೆ ನಿಂತಿದ್ದವು. ಒಂದು ಕೋರ್ಟಿನದು. ಇನ್ನೊಂದು ಅದಕ್ಕಿಂತ ಬಹಳ ಹಳೆಯದು. ತಾರತಮ್ಯ ಎಲ್ಲಿದೆ ಎಂದು ಕೇಳಿದರೆ ಅದು ಎಲ್ಲಿಯೂ ಇರುವುದಿಲ್ಲ. ‘ನಮ್ಮೂರಾಗ ಅಂಥಾದ್ದೇನಿಲ್ರಿ, ಎಲ್ಲಾರೂ ಅಣ್ಣ ತಮ್ಮಂದಿರಿದ್ದಂಗ ಅದೀವಿ’ ಎಂಬ ಮಾತನ್ನು ಯಾವ ಊರಿನ ಕಟ್ಟೆಯ ಮೇಲಾದರೂ ಕೇಳಬಹುದು. ಅದೇ ಹೊತ್ತಿಗೆ ಆಯೋಗದ ಮುಂದೆ ಅರ್ಜಿ ಹಿಡಿದು ಬಂದವರಲ್ಲಿ ‘ನಾವು ಮುಂದುವರಿದವರು’ ಅನ್ನುವವರು ಒಬ್ಬರೂ ಸಿಗುವುದಿಲ್ಲ. ಮಾಡುವವರನ್ನು ಕೇಳಿದರೆ ಇಲ್ಲವೇ ಇಲ್ಲ, ಬೇಡುವವರನ್ನು ಕೇಳಿದರೆ ಎಲ್ಲರಿಗೂ ಇದೆ.

ಬಾಯಿಮಾತು ಈ ವಿಷಯದಲ್ಲಿ ಎಷ್ಟು ಕೈಕೊಡುತ್ತದೆ ಎಂಬುದನ್ನು ಮೊದಲು ಅಳೆದು ತೋರಿಸಿದವರು ಅಮೆರಿಕದ ಸಮಾಜವಿಜ್ಞಾನಿ ರಿಚರ್ಡ್ ಲಪಿಯೆರ್. 1930ರ ಸುಮಾರಿಗೆ ಅವರು ಒಬ್ಬ ಚೀನೀ ಯುವಕ ಮತ್ತು ಅವನ ಹೆಂಡತಿಯ ಜೊತೆ ಕಾರಿನಲ್ಲಿ ದೇಶ ಸುತ್ತಿದರು. ಚೀನೀಯರೆಂದರೆ ಅಲ್ಲಿ ಮೂಗು ಮುರಿಯುವ ಕಾಲ ಅದು. ಉಂಡು ಮಲಗಲು ಹೋದ 251 ಕಡೆಗಳಲ್ಲಿ ಒಂದೇ ಒಂದು ಕಡೆ ‘ಆಗುವುದಿಲ್ಲ’ ಅಂದರು. ಆರು ತಿಂಗಳು ಬಿಟ್ಟು ಲಪಿಯೆರ್ ಅದೇ ಹೋಟೆಲುಗಳಿಗೆ ಪತ್ರ ಹಾಕಿದರು: ನಿಮ್ಮಲ್ಲಿ ಚೀನೀಯರನ್ನು ಸೇರಿಸಿಕೊಳ್ಳುತ್ತೀರಾ? ಉತ್ತರ ಬರೆದ 128 ಮಂದಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಇಲ್ಲ ಎಂದರು. ಬಾಗಿಲಿಗೆ ಬಂದದ್ದು ನಗುನಗುತ್ತ ಇಂಗ್ಲಿಷ್ ಮಾತಾಡುವ, ನೀಟಾಗಿ ಉಟ್ಟ ಒಂದು ಜೋಡಿ. ಪತ್ರದಲ್ಲಿ ಬಂದದ್ದು ‘ಚೀನೀಯರು’ ಎಂಬ ಪದ. ಆ ಪದಕ್ಕೆ ಅವರ ತಲೆಯಲ್ಲಿ ಮೊದಲೇ ಒಂದು ಅಚ್ಚು ಇತ್ತು.

ಅಚ್ಚು ಎಂಬ ಮಾತನ್ನು ನಾನು ಸುಮ್ಮನೆ ತರಲಿಲ್ಲ. ವಾಲ್ಟರ್ ಲಿಪ್‌ಮನ್ ಎಂಬ ಪತ್ರಕರ್ತ 1922ರಲ್ಲಿ ‘ಸ್ಟೀರಿಯೊಟೈಪ್’ ಅನ್ನುವ ಪದವನ್ನು ಛಾಪಖಾನೆಯಿಂದ ಎತ್ತಿ ತಂದು ಮನುಷ್ಯರ ತಲೆಗೆ ಹಚ್ಚಿದ. ಒಮ್ಮೆ ಸೀಸದಲ್ಲಿ ಎರಕ ಹೊಯ್ದ ಪುಟ. ಆಮೇಲೆ ಎಷ್ಟು ಸಾವಿರ ಪ್ರತಿ ತೆಗೆದರೂ ಅದೇ ಪುಟ. ಕನ್ನಡದಲ್ಲಿ ಪಡಿಯಚ್ಚು ಅನ್ನಬಹುದು. ಬ್ಯಾಡಗಿಯ ಮಾರುಕಟ್ಟೆಗೆ ಮೊದಲ ಸಲ ಬಂದವರು ಆ ಕಡುಕೆಂಪು ರಾಶಿ ನೋಡಿ ಮೊದಲೇ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ಹೆಸರಿರುವುದು ಬಣ್ಣಕ್ಕೆ, ಖಾರ ಅದರಲ್ಲಿ ಕಡಿಮೆ. ಕೆಂಪು ಕಂಡರೆ ಖಾರ ಅನ್ನುವುದು ಪಡಿಯಚ್ಚು. ಮೆಣಸಿನಕಾಯಿಯ ವಿಷಯದಲ್ಲಿ ಅದು ಒಂದು ಊಟದಲ್ಲಿ ಕಳಚಿ ಬೀಳುತ್ತದೆ. ಮನುಷ್ಯರ ವಿಷಯದಲ್ಲಿ ಒಟ್ಟಿಗೆ ಕೂತು ಉಣ್ಣುವುದೇ ಇಲ್ಲವಾದ್ದರಿಂದ ಕಳಚುವುದಿಲ್ಲ. ಬ್ರಿಟಿಷರಂತೂ ಅದನ್ನು ಕಾನೂನಾಗಿಯೇ ಎರಕ ಹೊಯ್ದರು. 1871ರ ಕಾಯ್ದೆಯ ಪ್ರಕಾರ ಕೆಲವು ಬುಡಕಟ್ಟುಗಳವರು ಹುಟ್ಟಿನಿಂದಲೇ ಅಪರಾಧಿಗಳು. ಅವರನ್ನು ಕೂಡಿಹಾಕಿದ ಜಾಗಕ್ಕೆ ಹುಬ್ಬಳ್ಳಿಯಲ್ಲಿ ಇವತ್ತಿಗೂ ಸೆಟ್ಲಮೆಂಟ್ ಎಂದೇ ಹೆಸರು.

ಲಪಿಯೆರ್ ಕಂಡ ಅಮೆರಿಕದವರು ಬಾಯಲ್ಲಿ ಕೆಟ್ಟವರು, ಬಾಗಿಲಲ್ಲಿ ಒಳ್ಳೆಯವರು. ನಮ್ಮದು ಹೆಚ್ಚಾಗಿ ತಿರುವು ಮುರುವು. ಎರಡರಿಂದಲೂ ಸಂಶೋಧಕ ಕಲಿಯಬೇಕಾದದ್ದು ಒಂದೇ: ಕೇಳಿ ಪ್ರಯೋಜನವಿಲ್ಲ, ಸುತ್ತುದಾರಿ ಹಿಡಿಯಬೇಕು.

ಅಂಥ ಸುತ್ತುದಾರಿಯೊಂದು ನಮ್ಮ ನೆಲದಲ್ಲೇ ನಾಲ್ಕು ನೂರು ವರ್ಷಕ್ಕೂ ಮೊದಲು ಹೊಳೆದಿತ್ತು ಅಂತ ನನ್ನ ತಕರಾರು. ಕಾಗಿನೆಲೆ ಇರುವುದು ಬ್ಯಾಡಗಿ ತಾಲ್ಲೂಕಿನಲ್ಲಿ. ಬಾಡದಲ್ಲಿ ಹುಟ್ಟಿ ಕಾಗಿನೆಲೆಯಲ್ಲಿ ನೆಲೆ ಕಂಡ ಕನಕದಾಸರ ‘ರಾಮಧಾನ್ಯಚರಿತೆ’ಯನ್ನು ಭಕ್ತಿಯ ಕನ್ನಡಕ ತೆಗೆದಿಟ್ಟು ಓದಿದರೆ ಅದೊಂದು ಪ್ರಯೋಗದ ವರದಿಯ ಹಾಗೆ ಕಾಣುತ್ತದೆ. ಲಂಕೆಯಿಂದ ಮರಳುತ್ತಿರುವ ರಾಮನಿಗೆ ದಾರಿಯಲ್ಲಿ ಋಷಿಗಳ ಆಶ್ರಮವೊಂದರಲ್ಲಿ ಊಟ. ಧಾನ್ಯಗಳಲ್ಲಿ ಯಾವುದು ಹೆಚ್ಚು ಎಂಬ ಮಾತು ಬರುತ್ತದೆ. ಗೌತಮ ಮುನಿ ನರೆದಲೆಗ ಎಂದುಬಿಡುತ್ತಾನೆ. ನರೆದಲೆಗ ಅಂದರೆ ರಾಗಿ. ವ್ರೀಹಿಗೆ, ಅಂದರೆ ಭತ್ತಕ್ಕೆ, ರೋಷ ಉಕ್ಕುತ್ತದೆ. ನಿನ್ನ ಹುಟ್ಟೇನು, ನಿನ್ನನ್ನು ಉಣ್ಣುವವರು ಯಾರು, ದೇವರ ಕಾರ್ಯಕ್ಕೆ ಎಂದಾದರೂ ನಿನ್ನನ್ನು ಕರೆದದ್ದುಂಟೇ ಎಂದು ಹೀಯಾಳಿಸುತ್ತದೆ. ರಾಗಿಯೂ ಬಿಡುವುದಿಲ್ಲ, ನೀನು ಉಳ್ಳವರ ಪಕ್ಷಪಾತಿ, ಬರಗಾಲದಲ್ಲಿ ಎಲ್ಲಿದ್ದೆ ಎಂದು ತಿರುಗಿಬೀಳುತ್ತದೆ.

ರಾಮ ಇಲ್ಲಿ ಮಾಡುವುದನ್ನು ನೋಡಬೇಕು. ಯಾರ ಸಾಕ್ಷಿಯನ್ನೂ ನಂಬುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿ ಅನ್ನುತ್ತಾನೆ. ಒಂದೇ ಸೆರೆ, ಒಂದೇ ಅವಧಿ. ಬೇರೆ ಇರುವುದು ಒಳಗಿನ ಕಾಳು ಮಾತ್ರ. ಬಾಗಿಲು ತೆಗೆದಾಗ ಭತ್ತ ಸೊರಗಿ ಕಳೆಗುಂದಿದೆ, ರಾಗಿ ಗಟ್ಟಿಯಾಗಿದೆ. ರಾಘವ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಉಳಿದದ್ದನ್ನೆಲ್ಲ ಸಮ ಮಾಡಿ ಒಂದನ್ನು ಮಾತ್ರ ಬದಲಿಸಿ ನೋಡು ಎಂಬುದನ್ನು ಈಗ ಎಲ್ಲ ವಿಶ್ವವಿದ್ಯಾಲಯದಲ್ಲೂ ಪಾಠ ಮಾಡುತ್ತಾರೆ. (ನಮ್ಮ ಹಾವೇರಿ ಕಡೆ ಹೊಟ್ಟೆ ತುಂಬಿಸುವುದು ಜೋಳದ ರೊಟ್ಟಿ. ತನ್ನ ಊರಿನ ಜೋಳವನ್ನು ಕನಕ ಯಾಕೆ ಕಟಕಟೆಗೆ ಹತ್ತಿಸಲಿಲ್ಲವೋ!)

ಆದರೆ ಈ ಪ್ರಯೋಗದಲ್ಲಿ ಒಂದು ಐಬು ಇದೆ, ಅದನ್ನು ಹೇಳದಿದ್ದರೆ ಕನಕದಾಸರಿಗೇ ಅನ್ಯಾಯ. ರಾಗಿ ಹುಳ ಹಿಡಿಯದೆ ವರ್ಷಗಟ್ಟಲೆ ನಿಲ್ಲುವ ಕಾಳು. ಕೂಡಿಟ್ಟು ನೋಡುವ ಪರೀಕ್ಷೆಯನ್ನು ಆರಿಸಿದ ಗಳಿಗೆಯಲ್ಲೇ ರಾಗಿ ಗೆದ್ದಾಗಿತ್ತು. ಬಿಳುಪು ಯಾವುದು, ಪಾಯಸಕ್ಕೆ ಯಾವುದು ಅಂತ ಪರೀಕ್ಷೆ ಇಟ್ಟಿದ್ದರೆ? ಅಲ್ಲಿಯತನಕ ಅಂಥ ಪರೀಕ್ಷೆಗಳೇ ನಡೆದು ಬಂದಿದ್ದವು ಎಂಬುದೇ ಕನಕದಾಸರ ಜಗಳ ಅಂತ ನಾನು ಓದಿಕೊಳ್ಳುತ್ತೇನೆ. ಪರೀಕ್ಷೆಯನ್ನು ಆರಿಸುವ ಅಧಿಕಾರ ಯಾರ ಕೈಯಲ್ಲಿದೆ?

ಹಾವನೂರರಿಗೂ ಪರೀಕ್ಷೆಯೊಂದನ್ನು ಆರಿಸಬೇಕಿತ್ತು. ಅವರು ಹಿಡಿದದ್ದು ನಿಜವಾದ ಪರೀಕ್ಷೆಯನ್ನೇ: 1972ರ ಎಸ್ಸೆಸ್ಸೆಲ್ಸಿ. ಒಂದು ಜಾತಿಯಲ್ಲಿ ಆ ವರ್ಷ ಪಾಸಾದ ಮಕ್ಕಳೆಷ್ಟು, ಆ ಜಾತಿಯ ಜನಸಂಖ್ಯೆ ಎಷ್ಟು, ಸಾವಿರಕ್ಕೆ ಎಷ್ಟು ಬಿತ್ತು? ರಾಜ್ಯದ ಸರಾಸರಿ 1.69. ಅಂದರೆ ಲಕ್ಷ ಜನರ ಜಾತಿಯೊಂದರಲ್ಲಿ 169 ಮಕ್ಕಳು ಪಾಸಾಗಿದ್ದರೆ ಅದು ಸರಾಸರಿಯ ಜಾತಿ. ಸರಾಸರಿಗಿಂತ ಕೆಳಗೆ, ಅದರ ಅರ್ಧಕ್ಕಿಂತ ಮೇಲೆ ಇದ್ದವರು ‘ಹಿಂದುಳಿದ ಸಮುದಾಯಗಳು’. ಅರ್ಧಕ್ಕಿಂತಲೂ ಕೆಳಗಿನವರು ‘ಹಿಂದುಳಿದ ಜಾತಿಗಳು’. ಅಲೆಮಾರಿಗಳು ಮತ್ತು ಹಳೆಯ ಕಾಯ್ದೆ ಅಪರಾಧಿಗಳೆಂದು ಕರೆದಿದ್ದಂಥವರು ‘ಹಿಂದುಳಿದ ಬುಡಕಟ್ಟುಗಳು’. ಇದೊಂದೇ ಸಾಲದೆಂದು ಅರವತ್ತು ಸಾವಿರಕ್ಕೂ ಹೆಚ್ಚು ಮನೆಗಳ, ಮೂರೂವರೆ ಲಕ್ಷದಷ್ಟು ಜನರ ಸಾಮಾಜಿಕ, ಆರ್ಥಿಕ ಸ್ಥಿತಿಯನ್ನೂ ಸಮೀಕ್ಷೆ ಮಾಡಿಸಿದರು.

ಈ ಆಯ್ಕೆಯ ಜಾಣತನ ನನಗೆ ಹೊಳೆದದ್ದು ತಡವಾಗಿ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಯ ಮೇಲೆ ಹೆಸರು ಇರುವುದಿಲ್ಲ, ನಂಬರು ಇರುತ್ತದೆ. ತಿದ್ದುವವರಿಗೆ ಬಡಿಗೇರನೋ ದೇಸಾಯಿಯೋ ತಿಳಿಯುವುದಿಲ್ಲ. ಹಾಗಿದ್ದೂ ಫಲಿತಾಂಶ ಜಾತಿಯ ಗೆರೆಯ ಮೇಲೆಯೇ ಸೀಳಿಕೊಂಡು ಬಂದರೆ, ಆ ಸೀಳು ಪರೀಕ್ಷೆಯ ಕೋಣೆಯಲ್ಲಿ ಬಿದ್ದದ್ದಲ್ಲ. ಅದಕ್ಕೆ ಮೊದಲಿನ ಹದಿನೈದು ವರ್ಷದಲ್ಲಿ, ಅದಕ್ಕೂ ಮೊದಲಿನ ಹದಿನೈದು ತಲೆಮಾರಿನಲ್ಲಿ ಬಿದ್ದದ್ದು. ಯಾರೊಬ್ಬರನ್ನೂ ‘ನೀನು ಭೇದ ಮಾಡಿದೆಯಾ’ ಎಂದು ಕೇಳದೆಯೇ ಭೇದ ಬಿಟ್ಟುಹೋದ ಹೆಜ್ಜೆಗುರುತು ಸಿಕ್ಕಿತು.

ತಿದ್ದುವವರಿಗೆ ಹೆಸರು ಕಂಡಿದ್ದರೆ ಏನಾಗುತ್ತಿತ್ತು? ಇದನ್ನೂ ಆಮೇಲೆ ನೋಡಿದವರಿದ್ದಾರೆ. ರೇಮಾ ಹನ್ನಾ ಮತ್ತು ಲೀ ಲಿಂಡೆನ್ ಎಂಬ ಅರ್ಥಶಾಸ್ತ್ರಜ್ಞರು ಭಾರತದಲ್ಲಿ ಮಕ್ಕಳಿಂದ ಪರೀಕ್ಷೆ ಬರೆಸಿ, ಉತ್ತರಪತ್ರಿಕೆಗಳ ಮುಖಪುಟಕ್ಕೆ ಚೀಟಿ ಎತ್ತಿದ ಹಾಗೆ ಬೇರೆಬೇರೆ ಜಾತಿ ಹಚ್ಚಿ ಶಿಕ್ಷಕರಿಗೆ ತಿದ್ದಲು ಕೊಟ್ಟರು. ಕೆಳಜಾತಿಯೆಂದು ಬರೆದ ಪತ್ರಿಕೆಗೆ ಅಂಕ ತುಸು ಕಡಿಮೆ ಬಿತ್ತು. ವ್ಯತ್ಯಾಸ ಸಣ್ಣದು. ಬೆರಗಿನ ಸಂಗತಿ ಬೇರೆ: ಹೀಗೆ ಕಡಿಮೆ ಕೊಟ್ಟವರು ಹೆಚ್ಚಾಗಿ ಕೆಳಜಾತಿಯ ಶಿಕ್ಷಕರೇ. 2012ರಲ್ಲಿ ಅಚ್ಚಾದ ಈ ಅಧ್ಯಯನವನ್ನು ಓದಿದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಪಡಿಯಚ್ಚು ಒತ್ತುವವನ ಕೈಯಲ್ಲಷ್ಟೇ ಇರುತ್ತದೆ ಎಂದುಕೊಂಡಿದ್ದೆ.

ಹಾವನೂರ ವರದಿ ನಾಲ್ಕು ಸಂಪುಟಗಳಲ್ಲಿ 1975ರ ನವೆಂಬರಿನಲ್ಲಿ ಸರ್ಕಾರದ ಕೈ ಸೇರಿತು. ಸಮುದಾಯಗಳಿಗೆ 16, ಜಾತಿಗಳಿಗೆ 10, ಬುಡಕಟ್ಟುಗಳಿಗೆ 6, ಒಟ್ಟು ಶೇಕಡಾ 32. ಪರಿಶಿಷ್ಟರ 18 ಕೂಡಿದರೆ ಸರಿಯಾಗಿ 50. ಬಾಲಾಜಿ ತೀರ್ಪಿನ ಗೆರೆಗೆ ಕೂದಲೆಳೆಯಷ್ಟೂ ಆಚೆ ಹೋಗದ ವಕೀಲಿ ಲೆಕ್ಕ. ಆಮೇಲಿನ ಗದ್ದಲ ಎಲ್ಲರಿಗೂ ಗೊತ್ತಿದ್ದದ್ದೇ. ಲಿಂಗಾಯತರು ಪಟ್ಟಿಯ ಹೊರಗೆ ಉಳಿದರು, ಸಿಟ್ಟಾದರು. ಅವರ ಸಂಖ್ಯೆ ದೊಡ್ಡದಿರುವ ಸೀಮೆಯಿಂದಲೇ ಬಂದ ಅಧ್ಯಕ್ಷರು ಇದನ್ನು ಬರೆದರು ಎಂಬುದು ಸಣ್ಣ ಮಾತಲ್ಲ. ಇನ್ನೊಂದು ಬದಿಯೂ ಇದೆ. ಎರೆ ಹೊಲದಲ್ಲಿ ಸಾಲದ ಹತ್ತಿ ಬಿತ್ತಿ ಮುಗಿಲು ನೋಡುವವನಿಗೆ ‘ನಿನ್ನ ಜಾತಿಯ ಸರಾಸರಿ ಚೆನ್ನಾಗಿದೆ’ ಎಂದರೆ ಅವನಿಗೆ ಅದರಿಂದ ಏನು ಬಂತು? ಸರಾಸರಿಗೆ ಹೊಟ್ಟೆ ಇರುವುದಿಲ್ಲ.

ಲೆಕ್ಕದಲ್ಲೂ ಬಿರುಕುಗಳಿದ್ದವು. ದೇಶದಲ್ಲಿ ಜಾತಿಗಳನ್ನು ಪೂರ್ತಿ ಎಣಿಸಿದ್ದು 1931ರಲ್ಲಿ ಕೊನೆ. ಆಗ ನಮ್ಮ ಧಾರವಾಡ ಸೀಮೆ ಮುಂಬಯಿ ಪ್ರಾಂತ್ಯದಲ್ಲಿತ್ತು, ಹಳೆಯ ಮೈಸೂರು ಬೇರೆ, ಹೈದರಾಬಾದು ಬೇರೆ. ನಾಲ್ಕು ದಶಕದ ಹಿಂದಿನ ಎಣಿಕೆಯನ್ನು ಹಿಗ್ಗಿಸಿ 1972ರ ಜನಸಂಖ್ಯೆ ಅಂದಾಜು ಮಾಡಿದರೆ ಕೆಳಗಿನ ಅಂಕಿಯೇ ಅಲುಗಾಡುತ್ತಿರುತ್ತದೆ. ಎರಡು ಸಾವಿರ ಜನರಿರುವ ಸಣ್ಣ ಜಾತಿಯಲ್ಲಿ ಆ ವರ್ಷ ಇಬ್ಬರು ಹುಡುಗರಿಗೆ ಜ್ವರ ಬಂದು ಪರೀಕ್ಷೆ ತಪ್ಪಿದ್ದರೆ ಇಡೀ ಜಾತಿ ಇನ್ನೊಂದು ಪಟ್ಟಿಗೆ ಜಾರುತ್ತದೆ. ಇಷ್ಟೆಲ್ಲ ಇದ್ದರೂ 1977ರ ಫೆಬ್ರವರಿಯಲ್ಲಿ ಸರ್ಕಾರ ಈ ವರದಿಯ ಬೆನ್ನೆಲುಬಿನ ಮೇಲೆಯೇ, ಕೆಲವು ಅಂಕಿಗಳನ್ನು ತಿದ್ದಿ, ಆದೇಶ ಹೊರಡಿಸಿತು.

1.69 ಎಂಬ ಸಂಖ್ಯೆ ಹೇಳದ ಒಂದು ವಿಷಯ ಇತ್ತು. ಭೇದ ಹೊರಗಿನಿಂದ ಮಗುವಿನ ಒಳಗೆ ಇಳಿಯುವುದು ಹೇಗೆ? ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಕಪ್ಪು ಮಕ್ಕಳ ಮುಂದೆ ಕಂದು, ಬಿಳಿ ಗೊಂಬೆಗಳನ್ನಿಟ್ಟು ಯಾವುದು ಚೆಂದ, ಯಾವುದು ಕೆಟ್ಟದ್ದು ಎಂದು ಕೇಳಿದ್ದರು. ಬಹಳ ಮಕ್ಕಳು ಬಿಳಿಯದನ್ನು ಚೆಂದ ಎಂದವು. ಕೊನೆಗೆ ‘ನಿನ್ನ ಹಾಗಿರುವುದು ಯಾವುದು’ ಎಂದಾಗ ಕೆಲವು ಮಕ್ಕಳು ಅತ್ತುಬಿಟ್ಟವು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬೇರೆಬೇರೆ ಶಾಲೆಗಳ ಪದ್ಧತಿಯನ್ನು ತೆಗೆದುಹಾಕಿದ ತೀರ್ಪಿನ ಅಡಿಟಿಪ್ಪಣಿಯೊಂದರಲ್ಲಿ ಕೆನೆತ್ ಕ್ಲಾರ್ಕರ ಹೆಸರಿದೆ.

ಜಾತಿಯ ಮಟ್ಟಿಗೆ ಅಂಥ ಕೆಲಸ ಮಾಡಿದವರು ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ. ಉತ್ತರ ಪ್ರದೇಶದ ಹಳ್ಳಿಗಾಡಿನ ಆರನೇ, ಏಳನೇ ಇಯತ್ತೆಯ ಹುಡುಗರು. ಮೇಲ್ಜಾತಿಯ 321, ಕೆಳಜಾತಿಯ 321. ಕಾಗದದ ಮೇಲಿನ ಚಕ್ರವ್ಯೂಹಕ್ಕೆ ದಾರಿ ಹುಡುಕುವ ಆಟ, ಬಿಡಿಸಿದ್ದಕ್ಕೆ ದುಡ್ಡು. ಯಾರ ಜಾತಿಯನ್ನೂ ಎತ್ತದೆ ಆಡಿಸಿದಾಗ ಎರಡೂ ಕಡೆಯವರು ಸರಿಸಮ. ಇನ್ನೊಂದು ಗುಂಪಿಗೆ ಆಟಕ್ಕೆ ಮೊದಲು ಪ್ರತಿಯೊಬ್ಬನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಜಾತಿ ಗಟ್ಟಿಯಾಗಿ ಓದಿದರು. ಕೆಳಜಾತಿಯ ಹುಡುಗರು ಬಿಡಿಸಿದ ಆಟಗಳು ಸುಮಾರು ಐದನೆಯ ಒಂದು ಪಾಲು ಕುಸಿದವು. ಅದೇ ಹುಡುಗರು, ಅದೇ ಬುದ್ಧಿ, ಅದೇ ಕಾಗದ. ಕನಕದಾಸರ ಸೆರೆಮನೆಯ ಲೆಕ್ಕ ಇಲ್ಲಿ ಇನ್ನಷ್ಟು ಚೊಕ್ಕ.

ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಈ ಪ್ರಯೋಗ ಪರಿಚಿತ. ಸ್ಕಾಲರ್‌ಶಿಪ್ಪಿನ ಫಾರಂ ಬಂದ ದಿನ ಮಾಸ್ತರು ಬಾಗಿಲಲ್ಲೇ ನಿಂತು ‘ಎಸ್ಸಿ ಎಸ್ಟಿ ಹುಡುಗ್ರು ಎದ್ದು ನಿಲ್ರಿ’ ಅನ್ನುತ್ತಿದ್ದರು. ಅವರಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ, ಫಾರಂ ತುಂಬುವ ಅವಸರ ಇತ್ತು. ನನ್ನ ಬೆಂಚಿನ ಗೆಳೆಯ ಎದ್ದು ನಿಂತು ಡೆಸ್ಕಿನ ಮೇಲಿನ ಮಸಿಯ ಕಲೆಯನ್ನೇ ನೋಡುತ್ತಿದ್ದ. ಆ ನೂರಾರು ರೂಪಾಯಿ ಅವನಿಗೆ ಬೇಕಿತ್ತು. ಗಾಯಕ್ಕೆ ಮದ್ದು ಹಚ್ಚಲು ಗಾಯವನ್ನು ತರಗತಿಗೆಲ್ಲ ತೋರಿಸಬೇಕಾದ ಈ ಇಕ್ಕಟ್ಟು ಹಾವನೂರರದೂ ಹೌದು. ಜಾತಿಯ ಏಟನ್ನು ಎಣಿಸಲು ಅವರಿಗೆ ಜಾತಿಯ ಹೆಸರಿನಲ್ಲೇ ಎಣಿಸಬೇಕಾಯಿತು. ಇದಕ್ಕೆ ಬೇರೆ ದಾರಿ ನನಗಂತೂ ಹೊಳೆದಿಲ್ಲ.

ಶಾಲೆ ದಾಟಿ ನೌಕರಿಗೆ ಬಂದರೆ ಮತ್ತೆ ಅಡ್ಡಹೆಸರು ಎದುರಾಗುತ್ತದೆ. ಸುಖದೇವ ಥೋರಾಟ್ ಮತ್ತು ಪಾಲ್ ಅಟ್ಟೆವೆಲ್ ಇಂಗ್ಲಿಷ್ ಪತ್ರಿಕೆಗಳ ಜಾಹೀರಾತು ನೋಡಿ 66 ವಾರಗಳ ಕಾಲ ಖಾಸಗಿ ಕಂಪನಿಗಳಿಗೆ ಅರ್ಜಿ ಹಾಕಿಸಿದರು. 548 ಜಾಹೀರಾತು, 4,808 ಅರ್ಜಿ. ಓದು, ಅನುಭವ ಒಂದೇ. ಹೆಸರು ಮಾತ್ರ ಒಂದರಲ್ಲಿ ಮೇಲ್ಜಾತಿಯದು, ಒಂದರಲ್ಲಿ ದಲಿತರದು, ಒಂದರಲ್ಲಿ ಮುಸ್ಲಿಮರದು. ಸಂದರ್ಶನಕ್ಕೆ ಕರೆ ಬರುವ ಅವಕಾಶ ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಹಾವನೂರ ಅನ್ನುವ ಅಡ್ಡಹೆಸರಿಗೆ ಆ ಕಂಪನಿಗಳವರು ಏನು ಮಾಡುತ್ತಿದ್ದರೋ.

ಕೇಳುವುದರಲ್ಲೂ ಜಾಣತನ ಬೆಳೆಯಿತು. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯವರು 42 ಸಾವಿರ ಮನೆಗಳಿಗೆ ಹೋದಾಗ ‘ಈ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರೆಯೇ’ ಎಂದು ಕೇಳಿ ಅಲ್ಲಿಗೇ ಬಿಡಲಿಲ್ಲ. ಇಲ್ಲ ಅಂದವರಿಗೆ ಎರಡನೆಯ ಪ್ರಶ್ನೆ ಹಾಕಿದರು: ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ಪಾತ್ರೆ ಮುಟ್ಟಿದರೆ ನಡೆಯುತ್ತದೆಯೇ? ಎರಡೂ ಕೂಡಿ ಶೇಕಡಾ 27ರಷ್ಟು ಮನೆಗಳಲ್ಲಿ ಹೌದು ಬಿತ್ತು. ಪಡಸಾಲೆಯಲ್ಲಿ ಸಿಗದ ಉತ್ತರ ಅಡುಗೆಮನೆಯ ಹೊಸ್ತಿಲಲ್ಲಿ ಸಿಕ್ಕಿತು.

ಅನುಭವಿಸುವವರಿಗೆ ಈ ಯಾವ ಶೋಧದ ಅಗತ್ಯವೂ ಇರಲಿಲ್ಲ. 2010ರ ಜುಲೈನಲ್ಲಿ ಇದೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು, ತಾವಿದ್ದ ಜಾಗ ಖಾಲಿ ಮಾಡಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ತಲೆಮಾರುಗಳಿಂದ ಊರಿನ ಹೊಲಸನ್ನು ಹೊತ್ತವರು ಅದನ್ನು ಎಲ್ಲರ ಕಣ್ಣಿಗೆ ಕಾಣುವ ಹಾಗೆ ಹೊತ್ತು ನಿಂತರು, ಅಷ್ಟೇ. ಮರುದಿನದ ಪತ್ರಿಕೆಗಳಿಗೆ ಅದು ಸುದ್ದಿ.

2015ರಲ್ಲಿ ರಾಜ್ಯ ಮತ್ತೆ ಎಣಿಸಲು ಹೊರಟಿತು. ಕಾಂತರಾಜ್ ಆಯೋಗದ ಸಮೀಕ್ಷೆ, ಐವತ್ತೈದು ಪ್ರಶ್ನೆ, ಮನೆ ಮನೆಗೆ ಶಾಲಾ ಮಾಸ್ತರರು. ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಓಣಿಗೆ ಬಂದವರು ಹರೆಯದ ಮಾಸ್ತರು. ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ಫಾರಂ ಹರಡಿ, ಧರ್ಮ, ಜಾತಿ, ಉಪಜಾತಿ, ಕುಲಕಸುಬು ಅಂತ ಒಂದೊಂದೇ ಕಾಲಂ ತುಂಬಿದರು. ಆ ಮನೆಯ ಹೆಣ್ಣುಮಗಳು ಎಲ್ಲಕ್ಕೂ ಸಮಾಧಾನದಿಂದ ಉತ್ತರ ಹೇಳಿದಳು. ಬರೆದು ಮುಗಿಸಿ ಮಾಸ್ತರು ಕುಡಿಯಲು ನೀರು ಕೇಳಿದರು. ಆಕೆ ಎದ್ದವಳು ಬಾಗಿಲಲ್ಲಿ ನಿಂತಳು.

‘ನೀವು ಯಾವ ಪೈಕಿ ಆದ್ರಿ, ಸರ?’

ಮಾಸ್ತರು ಪೆನ್ನಿನ ಮುಚ್ಚಳ ಹಾಕುತ್ತ, ‘ನಮ್ದು ಗುತ್ತಲದ ಕಡೀರಿ, ಅಕ್ಕಾರ’ ಅಂದರು.

‘ಊರ ಅಲ್ರಿ ನಾ ಕೇಳಿದ್ದು.’